ಪ್ರಾಯಕ್ಕೆ ಬರುವ ಮಕ್ಕಳೊಡನೆ ತಾಯ್ತಂದೆಗಳ ಮಾತು
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶ್ರೀಮಠದ ಮಹೋತ್ಸವದ ಸಭೆಯಲ್ಲಿ ತತ್ತ್ವ, ಆಚಾರ, ವಿದ್ಯಾಪ್ರಸಾರ ಮೊದಲಾದವುಗಳನ್ನು ಕುರಿತು ಭಾಷಣಗಳಾಗುವದು ವಾಡಿಕೆ. ಇಂದಿನ ವಿಷಯವು ಸಭೆಯಲ್ಲಿ ಆಡತಕ್ಕುದೇ ಎಂದು ಕೆಲವರಿಗೆ ತೋರುವದು ಸಹಜವಾಗಿದೆ. ಮಕ್ಕಳು ಪ್ರಾಯಕ್ಕೆ ಬರುವಾಗ ಅವರ ದೇಹದಲ್ಲಾಗುವ ಮಾರ್ಪಾಟುಗಳನ್ನೂ, ಋತು, ರೇತಸ್ಸು, ಗರ್ಭಧಾರಣೆಗಳ ವಿಚಾರವನ್ನೂ ಹೆತ್ತವರು ತಾವೇ ಮಕ್ಕಳಿಗೆ ತಿಳಿಸಬೇಕೇ, ತಿಳಿಸುವದಾದರೆ ಎಂದು ಮತ್ತು ಎಂಥ ಮಾತಿನಲ್ಲಿ, ಎಂಬುದೇ ಆ ವಿಷಯವು. ಮನೆಯಲ್ಲಿ ಆಡಲಾರದ ಮಾತನ್ನು ಮಠದಲ್ಲಿ ಆಡುವದೆಂತು ಎಂದು ಕೇಳುವವರುಂಟು. ಮನೆಯಲ್ಲಿ ಆಡದೆ ಇರುವದರಿಂದಲೇ ಮಠದಲ್ಲಿ ಆಡಬೇಕಾಗಿ ಬಂದಿದೆ.

ಧಾರವಾಡ ಸೀಮೆಯ ಒಂದು ಒಕ್ಕಲು ಮನೆಯನ್ನು ಸಭಿಕರು ಕಣ್ಣ ಮುಂದೆ ತಂದುಕೊಳ್ಳಲಿ. ಆ ಮನೆಯಲ್ಲಿ 12 ವರುಷದ ಹುಡುಗಿಯೊಬ್ಬಳು ಶಾಲೆಯಿಂದ ಹೊತ್ತಿಗೆ ಮುಂಚೆಯೇ ಮರಳಿ ಬಂದು, ಯಾರ ಕಣ್ಣಿಗೂ ಬೀಳದಂತೆ ಹಿತ್ತಲಲ್ಲಿ ಕುಳಿತಿರುವಳು. ಬಟ್ಟೆಗೆ ರಕ್ತವಾಗಿದೆ. ಎಲ್ಲಿಯೋ ಒಳಗೆ ಗಾಯವಾಯಿತೆಂದೂ, ಇದು ಸಾಯುವ ರೋಗವೆಂದೂ, ತಾನೇನೋ ಪಾಪ ಮಾಡಿರಬೇಕೆಂದೂ ಅವಳು ಭ್ರಮಿಸಿರುವಳು. ಸಂಜೆಗೆ ತಾಯಿಯ ಸೆರಗು ಹಿಡಿದು, “ಯವ್ವಾ, ನನಗ ಏನೋ ಆಗೇತಿ” ಎನ್ನುವಳು. ತಾಯಿಯು ಆಚೆ ಈಚೆ ನೋಡಿ, “ಸುಮ್ಮನಿರು. ನಿಮ್ಮಪ್ಪನ ಮುಂದ ಏನೂ ಅನಬ್ಯಾಡ. ದೇವರ ಮನಿ ಕಡೆ ಹೋಗಬ್ಯಾಡ” ಎಂದು ಹೇಳಿ ಹಳೆಯ ಸೀರೆಯ ತುಂಡೊಂದನ್ನು ಕೈಗೆ ಕೊಡುವಳು. ಮೂರು ಆಜ್ಞೆಗಳು ಮತ್ತು ಒಂದು ಅರಿವೆ. ಇಷ್ಟೇ ಆ ಮಗುವಿಗೆ ದೊರೆತ ಉಪದೇಶ. ಮುಂದೆ ನಾಲ್ಕೈದು ದಿನಗಳೊಳಗಾಗಿ ನೆರೆಹೊರೆಯವರು ಕೂಡುವರು. ಸೋದರಮಾವನು ಸೀರೆ ತರುವನು. ಕೊಬ್ಬರಿ, ಬೆಲ್ಲ, ಉತ್ತತ್ತಿ, ಎಳ್ಳಿನ ಚಿಗಳಿಗಳಾಗುವವು. ಹುಡುಗಿಯನ್ನು ಮಣೆಯ ಮೇಲೆ ಕುಳ್ಳಿರಿಸಿ ಆರತಿಯೆತ್ತಿ ಸೋಬಾನೆ ಹಾಡುವರು. ಅವಳು ದೊಡ್ಡವಳಾದಳೆಂಬ ಸಂಗತಿಯು ಓಣಿಗೆಲ್ಲ ತಿಳಿಯಿತು. ಏನಾಯಿತೆಂಬುದು ತಿಳಿಯದೆ ಉಳಿದವಳು ಅವಳೊಬ್ಬಳೇ.

ಈ ಆರತಿಗೆ ಒಂದು ಕಾಲದಲ್ಲಿ ಅರ್ಥವಿದ್ದಿತು. ಹುಡುಗಿಯು ಗಂಡನ ಮನೆಗೆ ಹೋಗಲು ಯೋಗ್ಯಳಾದಳೆಂದು ಬೀಗರಿಗೂ ಕುಲಬಾಂಧವರಿಗೂ ಸಾರುವದೇ ಅದರ ಉದ್ದೇಶ. ಆ ಕಾಲವು ಎಂಥದಿತ್ತೆಂಬುದಕ್ಕೆ ಕಾಯಿದೆಗಳೇ ಸಾಕ್ಷಿ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯಾದಾಗ 8 ವರುಷ ತುಂಬದ ಹೆಣ್ಣುಮಗುವಿನ ಲಗ್ನಕ್ಕೆ ತಡೆಯಾಯಿತು. ಅಷ್ಟೇ ದೊಡ್ಡ ಸುಧಾರಣೆಯೆನಿಸಿತು. 1929ರ ಶಾರದಾ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ಎಂದು ಗೊತ್ತುಪಡಿಸಿತು. ಈಗ ನಡೆಯುತ್ತಿರುವ 2006ರ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಹೀಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ 20ರಿಂದ 24 ವರುಷದ ಸ್ತ್ರೀಯರಲ್ಲಿ ನೂರಕ್ಕೆ 23 ಮಂದಿಯ ಲಗ್ನವು 18 ತುಂಬುವ ಮೊದಲೇ ಆಗಿಹೋಗಿತ್ತು. ಋತುವಾದ ಮಾತ್ರಕ್ಕೆ ಹುಡುಗಿಯು ತಾಯಾಗಲು ಸಿದ್ಧಳಾದಳೆಂದು ತಿಳಿಯುವದು ದೊಡ್ಡ ತಪ್ಪು. ಗರ್ಭ ನಿಲ್ಲುವ ಶಕ್ತಿಯು ಬಂದಿರುವದು ನಿಜ. ಅದನ್ನು ಹೊತ್ತು ಹಡೆಯತಕ್ಕ ಸೊಂಟದ ಎಲುಬುಗಳು ಇನ್ನೂ ಬೆಳೆಯುತ್ತಲೇ ಇರುವವು. ಲಗ್ನವು ಆರು ವರುಷ ಮುಂದಕ್ಕೆ ಹೋಗಿರುವಾಗ ಸಾರುವ ಪದ್ಧತಿಯು ಉಳಿದು, ಹೇಳುವ ಪದ್ಧತಿಯು ಹುಟ್ಟದೆ ಹೋದುದು ಸೋಜಿಗವೇ ಸರಿ. ಆರತಿಯು ಬೇಡವೆಂದು ಇಲ್ಲಿ ಯಾರೂ ಹೇಳಹೊರಟಿಲ್ಲ. ಚಿಗಳಿಯು ಮೈಗೆ ಒಳ್ಳೆಯದು.

ಹೇಳಲು ತಾಯಿಗೆ ಮನಸ್ಸಿಲ್ಲವೆಂದಲ್ಲ, ಅವಳ ಬಳಿ ಮಾತಿಲ್ಲ. ಈ ಸ್ಥಿತಿಗೆ ಬಳಕೆಯಲ್ಲಿರುವ ಹೆಸರುಗಳನ್ನೇ ನೋಡಬೇಕು: ಮುಟ್ಟು, ಹೊರಗಾಗುವದು, ಕಡೆಯಾಗುವದು, ಮೈಲಿಗೆ. ಇವೆಲ್ಲವೂ ಹೆಣ್ಣು ಎಲ್ಲಿ ಕುಳಿತಿರಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಹೇಳುವವೇ ಹೊರತು ಅವಳ ಒಡಲಲ್ಲಿ ಏನಾಗಿದೆಯೆಂಬುದನ್ನು ಒಂದೂ ಹೇಳುವದಿಲ್ಲ. ಚಿಕ್ಕ ಮಕ್ಕಳು ಕೇಳಿದರೆ ಕಾಗೆ ಮುಟ್ಟಿತೆಂದು ಹೇಳಿ ಬಾಯಿ ಮುಚ್ಚಿಸುವರು. ಪಾಪ, ಕಾಗೆಯ ಮೇಲೆ ಇಲ್ಲದ ಅಪವಾದ! ಗುಪ್ತಾಂಗಗಳ ಹೆಸರುಗಳಂತೂ ಸಂತೆಯ ಜಗಳದಲ್ಲಿ ಬೈಗುಳಾಗಿ ಕೇಳಿಬರುವವಲ್ಲದೆ ಸಜ್ಜನರ ಮಾತಿನಲ್ಲಿ ಅವಕ್ಕೆ ಎಡೆಯಿಲ್ಲ. ಇತ್ತ ಬೈಗುಳು, ಅತ್ತ ಪಾಠಪುಸ್ತಕದ ಸಂಸ್ಕೃತ. ಇವೆರಡರ ನಡುವೆ ತಾಯಿಯು ಮಗಳೊಡನೆ ಆಡಬಹುದಾದ ಕನ್ನಡವೇ ಬಡವಾಗಿ ಹೋಗಿದೆ. ಪರವಸ್ತುವಿನ ವಿಚಾರವನ್ನು ಅಂಬಿಗನಿಗೂ ಮಡಿವಾಳನಿಗೂ ತಿಳಿಯುವ ಕನ್ನಡದಲ್ಲಿ ಹೇಳಿದ ಶರಣರ ಸಂತತಿಗೆ ಗರ್ಭಕೋಶದ ವಿಚಾರವನ್ನು ಹೇಳಲು ಕನ್ನಡವು ಸಾಲದೆಂದರೆ ನಂಬಲಾಗದು. ದನಕರುಗಳ ವಿಷಯದಲ್ಲಿ ಈ ಕೊರತೆಯಿಲ್ಲವೆಂಬುದನ್ನೂ ನೆನೆಯತಕ್ಕುದು. ಆಕಳು ಬೆದೆಗೆ ಬಂದಿತೆಂದೂ, ಹೋರಿಗೆ ಬಿಡಬೇಕೆಂದೂ, ಗಬ್ಬವಾಗಿ ಇಂತಿಷ್ಟು ತಿಂಗಳಾಯಿತೆಂದೂ ತಂದೆಯು ಮಕ್ಕಳ ಎದುರಿಗೇ ನೆರೆಯವನೊಡನೆ ಸಂಕೋಚವಿಲ್ಲದೆ ಮಾತನಾಡುವನು. ಕರು ಹಾಕುವದನ್ನು ಮಕ್ಕಳು ನಿಂತು ನೋಡುವರು. ಅದೇ ಮಗುವು ತಂಗಿಯೆಲ್ಲಿಂದ ಬಂದಳೆಂದು ಕೇಳಿದರೆ ಆಸ್ಪತ್ರೆಯಿಂದ ತಂದೆವೆಂಬ ಉತ್ತರ ಬರುವದು.

ಇನ್ನು ಧರ್ಮದ ಅಡ್ಡಿಯನ್ನು ಮುಂದೆ ಮಾಡುವವರಿಗೆ ಒಂದು ಮಾತು. ಜನನಸೂತಕ, ಜಾತಿಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ ಎಂಬ ಐದೂ ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಶರಣರ ಸಿದ್ಧಾಂತ. ಹನ್ನೆರಡನೆಯ ಶತಮಾನದಲ್ಲಿ, ಸ್ತ್ರೀಯ ಋತುವನ್ನು ಲೋಕವೆಲ್ಲ ಹೊಲೆಯೆಂದು ಎಣಿಸುತ್ತಿದ್ದಾಗ, ಅದು ಲಿಂಗಪೂಜೆಗೆ ತಡೆಯಲ್ಲವೆಂದು ಹೇಳಿದುದು ಸಾಮಾನ್ಯ ಧೈರ್ಯವಲ್ಲ. ಆದರೆ ಪಂಚಸೂತಕಗಳಿಲ್ಲವೆಂದು ವೇದಿಕೆಯ ಮೇಲೆ ಗಟ್ಟಿಯಾಗಿ ಸಾರಿ ಬಂದವರ ಮನೆಗಳಲ್ಲಿಯೂ ಆ ನಾಲ್ಕು ದಿನ ಹೆಣ್ಣುಮಕ್ಕಳು ಮೂಲೆಯಲ್ಲಿ ಕುಳಿತುಕೊಳ್ಳುವದುಂಟು. ಕೊರಳಲ್ಲಿ ಲಿಂಗವಿದ್ದೂ ಪೂಜೆಗೆ ಕೈಯಾಡದೆ ಇರುವದುಂಟು. ತಾಯಿಯ ಮೂರನೆಯ ಆಜ್ಞೆಯು ಶರಣರದಲ್ಲ, ನೆರೆಮನೆಯಿಂದ ಬಂದುದು. ಮೈಲಿಗೆಯಲ್ಲವೆಂದ ಮೇಲೆ ನಾಚಿಕೆಯೇಕೆ? ನಾಚಿಕೆಯಿಲ್ಲವೆಂದ ಮೇಲೆ ಮಗಳ ಮುಂದೆ ಬಾಯಿ ಕಟ್ಟುವದೇಕೆ? ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದರೂಪವಾಗಿದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಕೇಳುವ ಪ್ರಶ್ನೆಗೆ ಉತ್ತರ ಕೊಡುವದನ್ನು ಸಾಧನೆಯ ಅಂಗವಾಗಿ ಎಣಿಸಿದ ಪರಂಪರೆಯು ಮಕ್ಕಳ ಪ್ರಶ್ನೆಗೆ ಮಾತ್ರ ಗದರಿಕೆಯನ್ನು ಉತ್ತರವಾಗಿ ಕೊಡುವದು ಸಲ್ಲದು.

ಹಾಗಾದರೆ ಹೇಳತಕ್ಕುದು ಏನು? ಅದು ಬಹಳವೇನೂ ಅಲ್ಲ. ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಗರ್ಭಕೋಶವಿರುವದು. ಅದರ ಎರಡೂ ಮಗ್ಗುಲಿಗೆ ಒಂದೊಂದು ಅಂಡಾಶಯವಿರುವದು. ಸಾಧಾರಣವಾಗಿ ತಿಂಗಳಿಗೊಂದರಂತೆ ಅಂಡವು ಬಲಿತು ಹೊರಬೀಳುವದು. ಗರ್ಭವು ನಿಂತರೆ ಬೇಕಾದೀತೆಂದು ಗರ್ಭಕೋಶದ ಒಳಮೈಯು ರಕ್ತದಿಂದ ತುಂಬಿ, ಮೆತ್ತನೆಯ ಹಾಸಿಗೆ ಹಾಸಿದಂತೆ ಸಿದ್ಧವಾಗುವದು. ಪುರುಷನ ವೀರ್ಯದಲ್ಲಿಯ ಶುಕ್ರಾಣುವು ಆ ಅಂಡವನ್ನು ಕೂಡಿದರೆ ಗರ್ಭವಾಗುವದು. ಕೂಡದಿದ್ದರೆ ಅಂಡವು ಬಿದ್ದ ಸುಮಾರು 14 ದಿನಗಳ ಮೇಲೆ ಆ ಹಾಸು ಕಳಚಿ ರಕ್ತದೊಡನೆ ಇಳಿದುಹೋಗುವದು. ಇದು ಕೆಟ್ಟ ರಕ್ತವಲ್ಲ, ಮೈಯೊಳಗಿನ ಹೊಲಸೂ ಅಲ್ಲ. ಕೂಸಿಗಾಗಿ ಕೂಡಿಟ್ಟುದು ಈ ತಿಂಗಳು ಬೇಡವಾಯಿತು, ಅಷ್ಟೇ. ಎರಡರಿಂದ ಏಳು ದಿನಗಳ ವರೆಗೆ ಹೋಗಬಹುದು. ಹುಡುಗಿಯ ಕಣ್ಣಿಗೆ ಬಹಳವಾಗಿ ಕಂಡರೂ ಒಟ್ಟಿನಲ್ಲಿ ಹೋಗುವದು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎಂದರೆ ಎರಡು ಮೂರು ದೊಡ್ಡ ಚಮಚೆಗಳಷ್ಟು. ಮೊದಲಿನ ಒಂದೆರಡು ವರುಷ ತಿಂಗಳು ತಪ್ಪಿ ಬರುವದು ರೋಗವಲ್ಲ. ಆದರೆ ಶಾಲೆಗೆ ಹೋಗಲಾರದಷ್ಟು ನೋವಾದರೆ, ಏಳು ದಿನಕ್ಕೂ ಮೀರಿ ನಿಲ್ಲದೆ ಹೋದರೆ, ಇಲ್ಲವೆ 15 ತುಂಬಿದರೂ ಋತುವಾಗದಿದ್ದರೆ, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಎಂದು ಹೇಳಬೇಕೆಂಬುದನ್ನು ಪ್ರಕೃತಿಯೇ ತಾಯಿಗೆ ಸೂಚಿಸುವದು. ಮಗಳ ಎದೆಯು ಮೊಗ್ಗೊಡೆಯಲಾರಂಭಿಸಿದ ಮೇಲೆ ಋತುವಾಗಲು ಸಾಮಾನ್ಯವಾಗಿ ಎರಡು ವರುಷಗಳ ಅವಧಿಯಿರುವದು. ಅಷ್ಟು ದೀರ್ಘವಾದ ಮುನ್ಸೂಚನೆ ಸಂಸಾರದಲ್ಲಿ ಮತ್ತಾವುದಕ್ಕೂ ಇಲ್ಲ, ಮಳೆಗೂ ಇಲ್ಲ. ಆ ಎರಡು ವರುಷಗಳಲ್ಲಿ ರೊಟ್ಟಿ ಬಡಿಯುವಾಗಲೋ ತಲೆ ಬಾಚುವಾಗಲೋ ನಾಲ್ಕು ನಾಲ್ಕು ಮಾತಾಗಿ ಹೇಳಿದರೂ ಎಲ್ಲವೂ ಮುಗಿಯುವದು. ಒಂದೇ ದಿನ ಕುಳ್ಳಿರಿಸಿ ಪುರಾಣ ಹೇಳಬೇಕಾಗಿಲ್ಲ.

ಮೌನವು ಮನಸ್ಸನ್ನು ಮಾತ್ರವಲ್ಲ, ಮೈಯನ್ನೂ ಕೆಡಿಸುವದು. ಅರಿವೆಯನ್ನು ಬಳಸುವ ಮನೆಗಳಲ್ಲಿ ಅದು ಗಂಡಸರ ಕಣ್ಣಿಗೆ ಬೀಳಬಾರದೆಂದು ಹಾಸಿಗೆಯ ಕೆಳಗೆ, ಬೇರೆ ಬಟ್ಟೆಗಳ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಒಣಹಾಕುವರು. ಸರಿಯಾಗಿ ಒಣಗದ ಅರಿವೆಯಿಂದ ತುರಿಕೆ, ಹುಣ್ಣು, ಸೋಂಕುಗಳುಂಟಾಗುವವು. ಸಾಬೂನು ಹಚ್ಚಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ಅರಿವೆಯಿಂದ ದೋಷವಿಲ್ಲ. ಬಿಸಿಲಿಗೆ ಹಣ ಬೇಡ. ಬೇಕಾದುದು ಹಗ್ಗದ ಮೇಲೆ ಹಾಕುವ ಧೈರ್ಯ. ಅಂಗಡಿಯ ಪ್ಯಾಡನ್ನು ಬಳಸಿದರೂ ನಾಲ್ಕಾರು ತಾಸಿಗೊಮ್ಮೆ ಬದಲಿಸಬೇಕೆಂಬುದನ್ನು ಯಾರಾದರೂ ಹೇಳಲೇಬೇಕು. ಅಲ್ಲದೆ ರಕ್ತಹೀನತೆಯ ಮಾತುಂಟು. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ 15ರಿಂದ 19 ವರುಷದ ಹುಡುಗಿಯರಲ್ಲಿ ದೇಶದ ಒಟ್ಟು ಲೆಕ್ಕಕ್ಕೆ ನೂರಕ್ಕೆ 59 ಮಂದಿ ರಕ್ತಹೀನರೆಂದು ಕಂಡುಬಂದಿತು. ಮಗಳು ಸೋಮಾರಿಯಾದಳೆಂದು ಬೈಯುವ ತಾಯಿಯು ಅವಳ ರೆಪ್ಪೆಯ ಒಳಮೈ ಬಿಳುಪೇರಿದೆಯೇ ಎಂದು ನೋಡುವದು ಒಳಿತು. ಸೊಪ್ಪು, ಕಾಳುಗಳನ್ನೂ ಜೊತೆಗೆ ನಿಂಬೆಯ ಹುಳಿಯನ್ನೂ ಕೊಡಬೇಕು. ಊಟದ ಬೆನ್ನಿಗೇ ಚಹ ಕುಡಿದರೆ ಅನ್ನದೊಳಗಿನ ಕಬ್ಬಿಣಾಂಶವು ಮೈಗೆ ಹತ್ತುವದು ಕಡಿಮೆಯಾಗುವದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು ಮಗಳು ನುಂಗುವಳೋ ಬಿಸಾಡುವಳೋ ಎಂಬುದನ್ನೂ ಕೇಳಬೇಕು.

ಗಂಡುಮಕ್ಕಳ ಪಾಡು ಇನ್ನೂ ಕಷ್ಟದ್ದು. ಹುಡುಗಿಗೆ ಮೂರು ಆಜ್ಞೆಗಳಾದರೂ ದೊರೆತವು. ಹುಡುಗನಿಗೆ ಅದೂ ಇಲ್ಲ. ಧ್ವನಿ ಒಡೆಯುವದು, ಮೀಸೆ ಮೊಳೆಯುವದು. ನೆಂಟರು ಅದನ್ನು ಕಂಡು ನಕ್ಕು ಸುಮ್ಮನಾಗುವರು. ಒಂದು ರಾತ್ರಿ ನಿದ್ದೆಯಲ್ಲಿ ವೀರ್ಯವು ಸ್ಖಲಿಸಿ ಎಚ್ಚರವಾದ ಹುಡುಗನು ಯಾರನ್ನು ಕೇಳಬೇಕು? ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯವಾಗುವದೆಂಬ ಹಳೆಯ ಎಣಿಕೆಯು ಅವನ ಕಿವಿಗೆ ಎಲ್ಲಿಂದಲೋ ಬಿದ್ದಿರುವದು. ಧಾತು ನಷ್ಟವಾಯಿತು, ನರ ದುರ್ಬಲವಾಯಿತು, ಆಯುಷ್ಯ ಮುಗಿಯಿತು ಎಂದು ಹೆದರಿಸುವ ಜಾಹೀರಾತುಗಳು ಬಸ್ಸುನಿಲ್ದಾಣದ ಗೋಡೆಯ ಮೇಲೆಯೇ ಇರುವವು. ಈ ಭಯದಿಂದ ಬಡಕಲಾಗಿ, ಓದಿನಲ್ಲಿ ಹಿಂದೆ ಬಿದ್ದು, ಕಪಟವೈದ್ಯರಿಗೆ ತಂದೆಯ ಹಣವನ್ನು ಕದ್ದು ಕೊಡುವ ಹುಡುಗರು ಇಂದಿಗೂ ಇರುವರು. ಇದು ವೀರ್ಯದ ರೋಗವಲ್ಲ, ಭಯದ ರೋಗವೆಂದು ಕಂಡುಕೊಂಡ ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಿಜಸ್ಥಿತಿ ಇಷ್ಟೇ: ವೃಷಣಗಳಲ್ಲಿ ಶುಕ್ರಾಣುಗಳು ಹಗಲಿರುಳು ಹುಟ್ಟುತ್ತಲೇ ಇರುವವು, ಹೊರಹೋದುದರಿಂದ ರಕ್ತವಾಗಲಿ ಬಲವಾಗಲಿ ಕುಂದುವದಿಲ್ಲ. ಸ್ವಪ್ನಸ್ಖಲನವು ಪ್ರಾಯದ ಲಕ್ಷಣವೇ ಹೊರತು ಪಾಪವೂ ಅಲ್ಲ, ವ್ಯಾಧಿಯೂ ಅಲ್ಲ. ಬ್ರಹ್ಮಚರ್ಯವನ್ನು ಬೋಧಿಸುವವರು ಸಂಯಮವನ್ನು ಬೋಧಿಸಲಿ, ಸುಳ್ಳನ್ನು ಸೇರಿಸದಿರಲಿ. ಭಯದ ಮೇಲೆ ಕಟ್ಟಿದ ಸಂಯಮವು ನಿಲ್ಲುವದಿಲ್ಲ.

ಇನ್ನೊಂದು ಚಿಕ್ಕ ಸಂಗತಿಯನ್ನು ಮಠಗಳ ಪ್ರಸಾದನಿಲಯಗಳವರು ಗಮನಿಸಬೇಕು. 13-14ರ ವಯಸ್ಸಿನ ಅನೇಕ ಹುಡುಗರಿಗೆ ಎದೆಯ ತೊಟ್ಟಿನ ಕೆಳಗೆ ಗಂಟಾದಂತಾಗಿ ನೋಯುವದುಂಟು. ದೇಹದೊಳಗಿನ ರಸಗಳ ಏರುಪೇರಿನಿಂದ ಆಗುವ ಈ ಊತವು ಒಂದೆರಡು ವರುಷಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಇಳಿಯುವದು. ಆದರೆ ಬರಿಮೈಯಲ್ಲಿ ಸಾಮೂಹಿಕ ಲಿಂಗಪೂಜೆಗೆ ಕುಳ್ಳಿರಬೇಕಾದ ಹುಡುಗನಿಗೆ ಅದು ಎಂಥ ಸಂಕಟವೆಂಬುದನ್ನು ಯಾರೂ ಎಣಿಸರು. ಪೂಜೆಗೆ ತಪ್ಪಿಸಿಕೊಂಡನೆಂದು ಅವನನ್ನು ದಂಡಿಸುವ ಮೊದಲು ಹತ್ತಿರ ಕರೆದು ಕೇಳಿದರೆ ತಿಳಿದೀತು. ತಾಯ್ತಂದೆಗಳನ್ನು ಬಿಟ್ಟು ಬಂದ ಹುಡುಗನಿಗೆ ನಿಲಯದ ಮೇಲ್ವಿಚಾರಕನೇ ತಂದೆ.

ಮನೆಯಲ್ಲಿ ಉತ್ತರ ಸಿಗದಿದ್ದರೆ ಪ್ರಶ್ನೆಯು ಸಾಯುವದಿಲ್ಲ, ಬೇರೆಡೆಗೆ ಹೋಗುವದು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1927ರಿಂದ 1953ರ ವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. ಹೆತ್ತವರನ್ನೂ ಗುರುಗಳನ್ನೂ ಕೇಳಲಾರದ ಓದುಗರು ಅವರನ್ನು ಕೇಳುತ್ತಿದ್ದರು. ಅವರು ಅಚ್ಚಿನಲ್ಲಿ ಉತ್ತರ ಕೊಡುತ್ತಿದ್ದರು. ಆ ಉತ್ತರಗಳು ಅಶ್ಲೀಲವೆಂದು ಮೊಕದ್ದಮೆಯಾಯಿತು. 1934ರಲ್ಲಿ ಡಾಕ್ಟರ್ ಅಂಬೇಡಕರರು ಅವರ ಪರವಾಗಿ ನಿಂತು ವಾದಿಸಿದರೂ ಕರ್ವೆಯವರಿಗೆ ದಂಡವೇ ಆಯಿತು. ಅದಕ್ಕೆ ನಾಲ್ಕು ವರುಷ ಮುಂಚೆ, 1930ರಲ್ಲಿ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆಗೆ ಏರ್ಪಾಟು ಮಾಡಿದ್ದಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’ಯನ್ನು ಬರೆದು, ತಾಯಿಯು ಹೇಳದೆ ಬಿಟ್ಟುದನ್ನು ಹೇಳಿದರು. ಆದರೂ 2007ರಲ್ಲಿ ಶಾಲೆಗಳಲ್ಲಿ ಈ ಶಿಕ್ಷಣವನ್ನು ಕೊಡುವ ಮಾತು ಬಂದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಶಾಲೆಯಲ್ಲಿ ಬೇಡ, ಅದು ಮನೆಯ ಕೆಲಸವೆಂದು ಆಗ ಹೇಳಿದವರು ಬಹಳ ಮಂದಿ. ಒಳ್ಳೆಯ ಮಾತು. ಅವರ ಮನೆಗಳಲ್ಲಿ ಆ ಕೆಲಸವಾಯಿತೇ? ಈಗ ಇಷ್ಟಲಿಂಗವನ್ನು ಹಿಡಿಯುವ ಅಂಗೈಯಲ್ಲಿಯೇ ಮೊಬೈಲು ಬಂದು ಕುಳಿತಿದೆ. ಮಧ್ಯರಾತ್ರಿಯಲ್ಲಿ ಅದು ತೋರಿಸುವ ಚಿತ್ರಗಳಲ್ಲಿ ಅಂಗಗಳಿವೆ, ಅಂತಃಕರಣವಿಲ್ಲ. ಹೆಣ್ಣು ಎಂದರೇನು, ಒಪ್ಪಿಗೆ ಎಂದರೇನು ಎಂಬುದನ್ನು ಹುಡುಗನು ಅದರಿಂದ ಕಲಿಯುವನೆಂದರೆ ಎದೆ ನಡುಗುವದು.

ಹೇಳಿದರೆ ಮಕ್ಕಳು ಕೆಡುವರೆಂಬ ಆಕ್ಷೇಪವು ಪ್ರಾಮಾಣಿಕವಾದುದೇ. ಅದನ್ನು ನಕ್ಕು ತಳ್ಳಿಹಾಕಲಾಗದು. ಆದರೆ ಅನುಭವವು ಅದಕ್ಕೆ ವಿರುದ್ಧವಾಗಿದೆ. ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಯುನೆಸ್ಕೋ ಸಂಸ್ಥೆಯು ಒಟ್ಟುಗೂಡಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಇಂಥ ಶಿಕ್ಷಣದಿಂದ ಮಕ್ಕಳು ಅಕಾಲದಲ್ಲಿ ಆ ಕಡೆಗೆ ಹೊರಳುವದಿಲ್ಲವೆಂದೇ ಹೇಳಿದೆ. ಅದಕ್ಕಿಂತ ಹೆಚ್ಚಿನದೊಂದು ಉಂಟು. ಮೈಯ ಭಾಗಗಳಿಗೆ ಹೆಸರೇ ತಿಳಿಯದ ಮಗುವು, ಅಲ್ಲಿ ಯಾರಾದರೂ ಕೈಯಿಟ್ಟಾಗ ಏನೆಂದು ದೂರು ಹೇಳೀತು? ಮಕ್ಕಳ ಮೇಲೆ ಲೈಂಗಿಕ ಅತ್ಯಾಚಾರವೆಸಗುವವರು ಹೆಚ್ಚಾಗಿ ಅಪರಿಚಿತರಲ್ಲ. ಮನೆಗೆ ಬಂದು ಹೋಗುವವರು, ನೆಂಟರು, ಮಗುವು ಕೈಮುಗಿಯಬೇಕಾದ ಹಿರಿಯರು. 2012ರ ಪೋಕ್ಸೋ ಕಾಯಿದೆಯು 18 ತುಂಬದವರೆಲ್ಲರನ್ನೂ ರಕ್ಷಿಸುವದು. ಸಂಗತಿ ತಿಳಿದೂ ಮುಚ್ಚಿಡುವದನ್ನು ಅಪರಾಧವೆನ್ನುವದು. 1098 ಎಂಬ ದೂರವಾಣಿಯೂ ಇದೆ. ಆದರೆ ಮಗುವಿನ ಬಾಯಿಂದ ಮೊದಲ ಮಾತು ಹೊರಡಬೇಕಲ್ಲವೇ? “ಸುಮ್ಮನಿರು, ನಿಮ್ಮಪ್ಪನ ಮುಂದ ಏನೂ ಅನಬ್ಯಾಡ” ಎಂದು ಕಲಿಸಿದ ಮನೆಯಲ್ಲಿ ಅದು ಹೊರಡದು. ಋತುವಿನ ದಿನ ಕಲಿತ ಮೌನವನ್ನೇ ಮಗುವು ಅಂದೂ ಪಾಲಿಸುವದು. ಮಠಗಳೂ ನಿಲಯಗಳೂ ಈ ಮಾತಿಗೆ ಹೊರತಾಗಿಲ್ಲ. ಕಾವಿಗೂ ಖಾದಿಗೂ ಕಾಯಿದೆಯಲ್ಲಿ ವಿನಾಯಿತಿಯಿಲ್ಲ.

ತಮಗೇ ಸರಿಯಾಗಿ ತಿಳಿಯದೆಂದು ಹಿಂಜರಿಯುವ ತಾಯ್ತಂದೆಗಳಿಗೂ ದಾರಿಯುಂಟು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ 10ರಿಂದ 19 ವರುಷದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸಲಹಾಕೇಂದ್ರಗಳಾದವು. ಕರ್ನಾಟಕದಲ್ಲಿ ಅವಕ್ಕೆ ‘ಸ್ನೇಹ ಕ್ಲಿನಿಕ್’ ಎಂದು ಹೆಸರು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ಎಲ್ಲಿದೆಯೆಂದು ಹೇಳುವಳು. ತಿಳಿಯದೆಂದು ಮಗುವಿನ ಎದುರಿಗೆ ಒಪ್ಪಿಕೊಳ್ಳುವದರಲ್ಲಿ ಅವಮಾನವಿಲ್ಲ. ಕೇಳಿಕೊಂಡು ಬಂದು ಹೇಳುವೆನೆಂದರೆ ಮಗುವಿನ ವಿಶ್ವಾಸವು ಹೆಚ್ಚುವದು. ತಂದೆಯು ಮಗಳೊಡನೆ ಆಡಲಾರನೆಂಬ ನಿಯಮವೂ ಇಲ್ಲ. ತಾಯಿಯಿಲ್ಲದ ಹೆಣ್ಣುಮಕ್ಕಳನ್ನು ಸಾಕಿದ ತಂದೆಗಳು ಪ್ಯಾಡುಗಳನ್ನು ಕಿರಾಣಿಯ ಪಟ್ಟಿಯಲ್ಲಿ ಬೆಲ್ಲ ಬೇಳೆಗಳ ಸಾಲಿನಲ್ಲಿಯೇ ಬರೆದು ತರುವದುಂಟು. ಅಂಗಡಿಯವನು ಅದನ್ನು ಕಪ್ಪು ಚೀಲದಲ್ಲಿ ಸುತ್ತಿಕೊಟ್ಟರೆ ಸುತ್ತುವದು ಬೇಡವೆನ್ನುವದೂ ಉಂಟು.

ಮೊದಲು ಹೇಳಿದ ಒಕ್ಕಲು ಮನೆಯಲ್ಲಿ ಇನ್ನೊಬ್ಬ ಮಗಳಿರುವಳು. ಅವಳಿಗೆ ಈಗ ಒಂಬತ್ತು. ಅಕ್ಕನ ಆರತಿಯ ದಿನ ಚಿಗಳಿಯನ್ನು ತಿನ್ನುತ್ತ ಎಲ್ಲವನ್ನೂ ನೋಡಿದವಳು. ಸಂಜೆ ತಾಯಿಯು ಒಲೆಯ ಮುಂದೆ ಕುಳಿತಾಗ ಮಗ್ಗುಲಿಗೆ ಬಂದು, “ಯವ್ವಾ, ಅಕ್ಕಗ ಏನಾಗಿತ್ತ? ಕಾಗಿ ಖರೇನ ಮುಟ್ಟಿತ್ತೇನ?” ಎಂದು ಕೇಳುವಳು. ತಾಯಿಯು ಬಾಗಿಲ ಕಡೆಗೆ ಒಮ್ಮೆ ನೋಡುವಳು. ಪಡಸಾಲೆಯಲ್ಲಿ ಗಂಡನಿರುವನು, ಅತ್ತೆಯೂ ಇರುವಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, “ಕಾಗಿ ಏನೂ ಮುಟ್ಟಿಲ್ಲವಾ. ಬಾ ಇಲ್ಲೆ, ಕೂಡು. ನಿಮ್ಮಕ್ಕನ್ನೂ ಕರಿ” ಎನ್ನುವಳು.